ಎಣಿಕೆಯೇ ಕತ್ತರಿ: ಕಾರ್ಡಿಗನ್ ಹೆಣಿಗೆಯಲ್ಲಿ ಆಕಾರ ಕೊಡುವ ಕ್ರಮ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ಬೇಸಗೆಯಲ್ಲಿ ಮಾತ್ರ ಕಂಡವರು, ಇಲ್ಲಿಯ ಹುಡುಗಿಯರಿಗೆ ಉಣ್ಣೆಯ ಉಡುಪಿನ ಪಾಠವೇತಕ್ಕೆಂದು ಕೇಳಬಹುದು. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಮಂಜು ಕವಿದ ಮುಂಜಾವಿನಲ್ಲಿ ಏರಿದವರೂ, ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೆ ಪಯಣಿಸಿದವರೂ ಆ ಪ್ರಶ್ನೆಯನ್ನು ಕೇಳಲಾರರು. ಕ್ರಿಸ್ಮಸ್ ಹಬ್ಬದ ಸುಮಾರಿಗೆ ಬಯಲಿನ ಹಳ್ಳಿಗಳಲ್ಲಿಯೂ ಬೆಳಗಿನ ಗಾಳಿಗೆ ಮಕ್ಕಳು ಕೈಗಳನ್ನು ಕಂಕುಳಲ್ಲಿ ಅವಿತುಕೊಂಡು ಶಾಲೆಗೆ ನಡೆಯುವರು.

ನಮ್ಮ ರೈತನು ಚಳಿಗೂ ಮಳೆಗೂ ಕಂಬಳಿಯನ್ನು ಬಲ್ಲನು. ನಾಲ್ಕು ಮೂಲೆಯ ಆ ಬಟ್ಟೆಯನ್ನು ಮಡಿಸಿ ಕೊಪ್ಪೆಯಾಗಿ ತಲೆಗೆ ಹಾಕಿಕೊಂಡರೆ ಅದಕ್ಕೆ ಆಕಾರ ಬರುವುದು. ದರ್ಜಿಯು ನೇಯ್ದ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಆಕಾರ ಕೊಡುವನು. ಹೆಣೆದ ಬಟ್ಟೆಯ ಪರಿ ಬೇರೆ. ಅದಕ್ಕೆ ಕತ್ತರಿ ತಗುಲಿದರೆ ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಹೋಗುವುವು. ಆದುದರಿಂದ ಹೆಣೆಯುವಾಗಲೇ ಕುಣಿಕೆಗಳನ್ನು ಕೂಡಿಯೂ ಕಳೆದೂ ಆಕಾರವನ್ನು ತರಬೇಕು. ಇಲ್ಲಿ ಎಣಿಕೆಯೇ ಕತ್ತರಿ. ಈ ಒಂದು ಮಾತನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಂದಿರಿಗೂ ವಿಶದಪಡಿಸುವುದೇ ಈ ಪಾಠದ ಉದ್ದೇಶವು.

ಯಂತ್ರದಲ್ಲಿ ಹೆಣೆದ ಸ್ವೆಟರುಗಳು ಇಂದು ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಕೈಯಲ್ಲಿ ಹೆಣೆಯುವವರು ಅನೇಕ ವೇಳೆ ಇಂಗ್ಲಿಷಿನಲ್ಲಿ ಅಚ್ಚಾದ ಮಾದರಿಗಳನ್ನು ಅನುಸರಿಸುವರು. ಆದರೆ ಆ ಮಾದರಿಯು ಬೇರೊಂದು ಉಣ್ಣೆಗೆ, ಬೇರೊಂದು ಕೈಯ ಬಿಗುವಿಗೆ, ಬೇರೊಂದು ಮೈಕಟ್ಟಿಗೆ ಬರೆದುದಾಗಿರುತ್ತದೆ. ಅದನ್ನು ಕಣ್ಣುಮುಚ್ಚಿ ಅನುಸರಿಸಿದರೆ ಹಲವು ವಾರಗಳ ಸಂಜೆಯ ದುಡಿಮೆಯೂ ಉಣ್ಣೆಯ ಹಣವೂ ವ್ಯರ್ಥವಾಗಿ, ಮಗುವು ತೊಡಲೊಲ್ಲದ ಉಡುಪು ಪೆಟ್ಟಿಗೆಯ ತಳ ಸೇರುವುದು. ಲೆಕ್ಕವನ್ನು ತಾನೇ ಹಾಕಬಲ್ಲ ಹೆಂಗಸಿಗೆ ಮಾದರಿಯ ಹಂಗಿಲ್ಲ. ಇದಕ್ಕೆ ಬೇಕಾದ ಗಣಿತವು ಶಾಲೆಯಲ್ಲಿ ಕಲಿತ ತ್ರೈರಾಶಿಯೇ ಹೊರತು ಹೆಚ್ಚಿನದೇನೂ ಅಲ್ಲ.

ಮುಂಭಾಗವು ತೆರೆದು ಗುಂಡಿ ಹಾಕುವ ಉಣ್ಣೆಯ ಅಂಗಿಗೆ ಕಾರ್ಡಿಗನ್ನೆಂದು ಹೆಸರು. 1854ನೆಯ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವದಲ್ಲಿ ಇಂಗ್ಲಿಷರ ಲಘು ಅಶ್ವದಳವನ್ನು ನಡೆಯಿಸಿದ ಕಾರ್ಡಿಗನ್ನಿನ ಏಳನೆಯ ಅರ್ಲನಿಂದ ಈ ಹೆಸರು ಬಂದಿತು. ಕುತ್ತಿಗೆಯವರೆಗೆ ಓರೆಯಾಗಿ ಏರುವ ರಾಗ್ಲನ್ ತೋಳಿಗೆ ಅದೇ ಯುದ್ಧದ ಸೇನಾಪತಿ ಲಾರ್ಡ್ ರಾಗ್ಲನ್ನನ ಹೆಸರಿದೆ. ಫ್ಲಾರೆನ್ಸ್ ನೈಟಿಂಗೇಲಳು ಗಾಯಾಳುಗಳ ಶುಶ್ರೂಷೆಗೆ ಹೋದದ್ದೂ ಆ ಯುದ್ಧಕ್ಕೇ.

1. ಅಳತೆಯ ತುಂಡು

ಮೊದಲು ಉಡುಪನ್ನು ಹಿಡಿಯದೆ ಒಂದು ತುಂಡನ್ನು ಹೆಣೆಯತಕ್ಕದ್ದು. ಯಾವ ಉಣ್ಣೆಯಿಂದಲೂ ಯಾವ ಕಡ್ಡಿಗಳಿಂದಲೂ ಉಡುಪನ್ನು ಮಾಡಬೇಕೆಂದಿದೆಯೋ ಅವುಗಳಿಂದಲೇ 30 ಕುಣಿಕೆಗಳನ್ನು ಏರಿಸಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂಬ ಕ್ರಮದಲ್ಲಿ ಸುಮಾರು 6 ಅಂಗುಲ ಉದ್ದ ಹೆಣೆದು ಮುಚ್ಚಬೇಕು. ಅದನ್ನು ನೀರಿನಲ್ಲಿ ನೆನೆಯಿಸಿ, ಹಿಂಡದೆ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ಒಗೆದ ಮೇಲೆ ಉಣ್ಣೆಯ ಅಳತೆ ಬದಲಾಗುವುದುಂಟು. ಒಗೆಯದೆ ತೆಗೆದ ಅಳತೆಯನ್ನು ನಂಬಲಾಗದು. ಒಣಗಿದ ತುಂಡಿನ ನಡುವೆ 4 ಅಂಗುಲ ಅಗಲದಲ್ಲಿ ಎಷ್ಟು ಕುಣಿಕೆ, 4 ಅಂಗುಲ ಎತ್ತರದಲ್ಲಿ ಎಷ್ಟು ಸಾಲು ಎಂದು ಎಣಿಸಿ ಬರೆದಿಡಬೇಕು.

ನಮ್ಮ ಉದಾಹರಣೆಯಲ್ಲಿ 8ನೆಯ ನಂಬರಿನ, ಎಂದರೆ 4 ಮಿಲಿಮೀಟರಿನ ಕಡ್ಡಿಯಿಂದ 22 ಕುಣಿಕೆಗಳೂ 28 ಸಾಲುಗಳೂ ದೊರೆತವೆಂದು ಇಟ್ಟುಕೊಳ್ಳೋಣ. ಆಗ ಅಂಗುಲಕ್ಕೆ ಐದೂವರೆ ಕುಣಿಕೆ, 7 ಸಾಲು ಆಯಿತು. ಅರ್ಧ ಕುಣಿಕೆಯನ್ನು ಯಾರೂ ಅಲಕ್ಷಿಸಬಾರದು. ಐದೂವರೆಯೆಂದು ತಿಳಿದು 88 ಕುಣಿಕೆ ಏರಿಸಿದವಳ ಕೈ ಅಂಗುಲಕ್ಕೆ ಐದೇ ಕುಣಿಕೆಯನ್ನು ಹೆಣೆದರೆ, 16 ಅಂಗುಲವಾಗಬೇಕಾದ ಬೆನ್ನು ಹದಿನೇಳೂವರೆ ಅಂಗುಲವನ್ನು ಮೀರುವುದು. ಇಡೀ ಉಡುಪು 3 ಅಂಗುಲಕ್ಕಿಂತ ಹೆಚ್ಚು ಜೋಲುವುದು. ಕುಣಿಕೆಗಳು ಕಡಿಮೆ ಬಂದರೆ ಸಣ್ಣ ಕಡ್ಡಿಯನ್ನೂ, ಹೆಚ್ಚು ಬಂದರೆ ದಪ್ಪ ಕಡ್ಡಿಯನ್ನೂ ಹಿಡಿದು ಮತ್ತೊಂದು ತುಂಡನ್ನು ಹೆಣೆಯಬೇಕು.

2. ಬೆನ್ನು

ಎದೆಯ ಸುತ್ತಳತೆ 28 ಅಂಗುಲವಿರುವ ಸುಮಾರು ಹತ್ತು ವರ್ಷದ ಹುಡುಗಿಗೆ ಉಡುಪು ಬೇಕಾಗಿದೆ. ಫ್ರಾಕಿನ ಮೇಲೆ ತೊಡಬೇಕಾದುದರಿಂದ 4 ಅಂಗುಲ ಸಡಿಲ ಬಿಟ್ಟರೆ 32 ಅಂಗುಲವಾಯಿತು. ಬೆನ್ನಿಗೆ ಅದರ ಅರ್ಧ, 16 ಅಂಗುಲ. ನಾಲ್ಕು ಅಂಗುಲಕ್ಕೆ 22 ಕುಣಿಕೆಯಾದರೆ ಹದಿನಾರಕ್ಕೆಷ್ಟು? 88. ಇದೇ ನಮ್ಮ ತ್ರೈರಾಶಿ. ಕೆಳಗಿನ ಅಂಚು ಮೈಗೆ ಹಿಡಿಯುವಂತೆ, ಸಣ್ಣದಾದ 10ನೆಯ ನಂಬರಿನ ಕಡ್ಡಿಯಲ್ಲಿ ಒಂದು ಸೀದಾ ಒಂದು ಉಲ್ಟಾ ಕುಣಿಕೆಯ ಪಟ್ಟಿಯನ್ನು 2 ಅಂಗುಲ ಹೆಣೆದು, ಬಳಿಕ ದಪ್ಪ ಕಡ್ಡಿಗೆ ಬದಲಾಯಿಸಿ, ಒಟ್ಟು 11 ಅಂಗುಲವಾಗುವವರೆಗೆ ನೇರವಾಗಿ ಹೆಣೆಯಬೇಕು.

ಇಲ್ಲಿಂದ ಕಂಕುಳ ತಿರುವು ಆರಂಭವಾಗುವುದು. ಎರಡು ಹೆಗಲ ತುದಿಗಳ ನಡುವಣ ಅಗಲ 12 ಅಂಗುಲವಾದರೆ 66 ಕುಣಿಕೆ ಬೇಕು. 22ನ್ನು ಕಳೆಯಬೇಕು, ಪಕ್ಕಕ್ಕೆ 11ರಂತೆ. ಇವನ್ನು ಒಮ್ಮೆಗೇ ಮುಚ್ಚಿದರೆ ಚೌಕವಾದ ಮೂಲೆಯುಂಟಾಗಿ ಕಂಕುಳಲ್ಲಿ ಉಣ್ಣೆ ಮುದುಡುವುದು. ಅದಕ್ಕಾಗಿ ಮೊದಲಿನ ಎರಡು ಸಾಲುಗಳ ಆರಂಭದಲ್ಲಿ ಐದೈದು ಕುಣಿಕೆಗಳನ್ನು ಮುಚ್ಚಿ, ಬಳಿಕ ಸಾಲು ಬಿಟ್ಟು ಸಾಲಿನಲ್ಲಿ ಪಕ್ಕಕ್ಕೊಂದರಂತೆ 6 ಸಾರಿ ಕಳೆಯಬೇಕು. ಐದೂ ಆರೂ ಸೇರಿ ಹನ್ನೊಂದಾಯಿತು. ಅಂಚು ಬಾಗಿ ಬಂದಿತು. ಕಂಕುಳ ಆಳ ಸುಮಾರು 7 ಅಂಗುಲ, ಎಂದರೆ 50 ಸಾಲು. ಅದರಲ್ಲಿ 14 ತಿರುವಿಗೆ ಸಂದವು. ಉಳಿದ 36 ಸಾಲುಗಳನ್ನು ನೇರವಾಗಿ ಹೆಣೆಯಬೇಕು.

ಹೆಗಲು ಕುತ್ತಿಗೆಯಿಂದ ತೋಳಿನ ಕಡೆಗೆ ಇಳಿಜಾರಾಗಿರುವುದು. ಆದುದರಿಂದ ಒಂದೊಂದು ಹೆಗಲಿನ 20 ಕುಣಿಕೆಗಳನ್ನು ಹೊರಗಿನಿಂದ ಒಳಕ್ಕೆ ಐದೈದರಂತೆ ನಾಲ್ಕು ಮೆಟ್ಟಿಲಾಗಿ ಮುಚ್ಚಬೇಕು. ನಡುವೆ ಉಳಿದ 26 ಕುಣಿಕೆಗಳು ಹಿಂಗುತ್ತಿಗೆಯವು.

3. ಎರಡು ಮುಂಭಾಗಗಳು

ಗುಂಡಿಯ ಪಟ್ಟಿಗಳು 1 ಅಂಗುಲ ಅಗಲವಾಗಿ, ತೊಟ್ಟಾಗ ಒಂದರ ಮೇಲೊಂದು ಕೂಡುವುವು. ಆ ಒಂದು ಅಂಗುಲವನ್ನು 16ರಲ್ಲಿ ಕಳೆದರೆ ಒಂದೊಂದು ಮುಂಭಾಗಕ್ಕೆ ಏಳೂವರೆ ಅಂಗುಲ, ಎಂದರೆ 41 ಕುಣಿಕೆ. ಕಂಕುಳಿಗೆ ಬೆನ್ನಿನಂತೆಯೇ 11ನ್ನು ಕಳೆದರೆ 30. ಹೆಗಲಿಗೆ 20 ಬೇಕಾದುದರಿಂದ ಕುತ್ತಿಗೆಗೆ ಕಳೆಯತಕ್ಕವು 10. ಕಂಕುಳ ತಿರುವಿನೊಡನೆಯೇ ಆರಂಭಿಸಿ ನಾಲ್ಕನೆಯ ಸಾಲಿಗೊಂದರಂತೆ ಕಳೆದರೆ 40 ಸಾಲಿಗೆ ಹತ್ತೂ ಮುಗಿದು, ಕೊನೆಯ 10 ಸಾಲು ನೇರವಾಗಿ ನಿಲ್ಲುವುದು. ಕುತ್ತಿಗೆಯು ಹರಿತವಾದ ಕೋನವಾಗಿ ಇಳಿಯುವುದು.

ಎಡದ ಮುಂಭಾಗವು ಬಲದ ಮುಂಭಾಗದ ಕನ್ನಡಿಯ ಬಿಂಬದಂತಿರಬೇಕೆಂಬುದನ್ನು ಇಲ್ಲಿ ಮರೆಯಬಾರದು. ಹೊರಮೈಯಲ್ಲಿ ಎರಡು ಕುಣಿಕೆಗಳನ್ನು ಒಂದಾಗಿ ಸೀದಾ ಹೆಣೆದರೆ ಅದು ಬಲಕ್ಕೆ ವಾಲುವುದು. ಒಂದು ಕುಣಿಕೆಯನ್ನು ಹೆಣೆಯದೆ ಬಲಗೈಯ ಕಡ್ಡಿಗೆ ಜಾರಿಸಿ, ಮುಂದಿನದನ್ನು ಹೆಣೆದು, ಜಾರಿಸಿದ್ದನ್ನು ಅದರ ಮೇಲೆ ದಾಟಿಸಿದರೆ ಎಡಕ್ಕೆ ವಾಲುವುದು. ತೊಡುವವಳ ಬಲಭಾಗದಲ್ಲಿ ಕುತ್ತಿಗೆಯ ಅಂಚು ಹೊರಮೈಯ ಸಾಲಿನ ಆರಂಭದಲ್ಲಿ ಬರುವುದರಿಂದ ಅಲ್ಲಿ ಜಾರಿಸಿ ದಾಟಿಸುವ ಕ್ರಮವೂ, ಎಡಭಾಗದಲ್ಲಿ ಸಾಲಿನ ಕೊನೆಗೆ ಬರುವುದರಿಂದ ಎರಡನ್ನು ಒಂದಾಗಿ ಹೆಣೆಯುವ ಕ್ರಮವೂ ಸಲ್ಲುವುವು. ಅಂಚಿನಿಂದ ಎರಡು ಕುಣಿಕೆ ಒಳಗೆ ಹೀಗೆ ಕಳೆದರೆ ಅಂಚು ನಯವಾಗಿರುವುದಲ್ಲದೆ, ಪಟ್ಟಿಯನ್ನು ಹೊಲಿಯುವುದೂ ಸುಲಭವಾಗುವುದು. ಹೆಣ್ಣುಮಕ್ಕಳ ಉಡುಪಿನಲ್ಲಿ ಕಾಜಗಳು ಬಲಗಡೆಯ ಪಟ್ಟಿಯಲ್ಲಿರುವುದು ವಾಡಿಕೆ.

4. ತೋಳು

ಮುಂಗೈಯ ಬಳಿ 8 ಅಂಗುಲಕ್ಕೆ 44 ಕುಣಿಕೆ. ಮೇಲ್ದೋಳಿಗೆ 12 ಅಂಗುಲಕ್ಕೆ 66. ಕೂಡತಕ್ಕವು 22, ಎಂದರೆ 11 ಜೋಡಿ. 2 ಅಂಗುಲದ ಪಟ್ಟಿಯ ಮೇಲೆ ಕಂಕುಳವರೆಗೆ 12 ಅಂಗುಲ, 84 ಸಾಲುಗಳಿವೆ. ಆರನೆಯ ಸಾಲಿಗೊಂದು ಜೋಡಿಯಂತೆ 4 ಸಾರಿ, ಎಂಟನೆಯ ಸಾಲಿಗೊಂದರಂತೆ 7 ಸಾರಿ ಕೂಡಿದರೆ 80 ಸಾಲಾಯಿತು. ಉಳಿದ 4 ನೇರ. ಎರಡು ಕುಣಿಕೆಗಳ ನಡುವಣ ಅಡ್ಡ ಎಳೆಯನ್ನು ಎತ್ತಿ ಕಡ್ಡಿಗೆ ಹಾಕಿ, ಅದನ್ನು ಹಿಂಬದಿಯಿಂದ ಹೆಣೆದರೆ ತೂತು ಬೀಳದೆ ಒಂದು ಕುಣಿಕೆ ಹೆಚ್ಚುವುದು.

ತೋಳಿನ ಮೇಲಣ ಕಮಾನು ಕಂಕುಳ ತಿರುವಿನಲ್ಲಿ ಕೂಡುವ ಭಾಗವು. ಎರಡು ಸಾಲುಗಳ ಆರಂಭದಲ್ಲಿ ಐದೈದನ್ನು ಮುಚ್ಚಿದರೆ 56. ಸಾಲು ಬಿಟ್ಟು ಸಾಲಿನಲ್ಲಿ ಪಕ್ಕಕ್ಕೊಂದರಂತೆ 14 ಸಾರಿ ಕಳೆದರೆ 28. ಮುಂದಿನ 4 ಸಾಲುಗಳ ಆರಂಭದಲ್ಲಿ ಮೂರು ಮೂರನ್ನು ಮುಚ್ಚಿದರೆ 16. ಅವನ್ನು ಒಟ್ಟಿಗೆ ಮುಚ್ಚಬೇಕು. ಹೊಲಿಯುವ ಮುನ್ನ ಕಮಾನಿನ ಅಂಚನ್ನೂ ಕಂಕುಳ ಅಂಚನ್ನೂ ದಾರದಿಂದ ಅಳೆದು ನೋಡತಕ್ಕದ್ದು. ಕಮಾನು ತುಸುವೇ ಉದ್ದವಾಗಿದ್ದರೆ ಸರಿಯಾಗಿ ಕೂಡುವುದು. ಗಿಡ್ಡವಾದರೆ ಹೆಗಲನ್ನು ಎಳೆಯುವುದು. ಬಹಳ ಉದ್ದವಾದರೆ ನೆರಿಗೆ ಬೀಳುವುದು.

5. ಬೆಳೆಯುವ ಮಗು

ಶೀಲೋವಿನ ದೇವಾಲಯದಲ್ಲಿ ಸೇವೆಗೆ ಬಿಟ್ಟಿದ್ದ ಮಗನಾದ ಸಮುವೇಲನಿಗೆ ತಾಯಿಯಾದ ಹನ್ನಳು ವರುಷ ವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿ ತರುತ್ತಿದ್ದಳೆಂದು ಸತ್ಯವೇದದಲ್ಲಿ ಓದುತ್ತೇವೆ. ಕಣ್ಣೆದುರಿಗೆ ಇಲ್ಲದ ಮಗುವು ಎಷ್ಟು ಬೆಳೆದಿರುವುದೆಂದು ಆ ತಾಯಿ ಪ್ರತಿ ವರುಷವೂ ಊಹಿಸಬೇಕಾಗಿದ್ದಿತು. ಮಗಳನ್ನು ದೂರದ ವಿದ್ಯಾರ್ಥಿನಿಲಯದಲ್ಲಿ ಬಿಟ್ಟಿರುವ ತಾಯಂದಿರಿಗೆ ಈ ಚಿಂತೆ ಅಪರಿಚಿತವಲ್ಲ. ಹೆಣಿಗೆಯಲ್ಲಿ ಅದಕ್ಕೆ ಉಪಾಯವಿದೆ. ತೋಳಿನ ಪಟ್ಟಿಯನ್ನು 2 ಅಂಗುಲಕ್ಕೆ ಬದಲು 4 ಅಂಗುಲ ಹೆಣೆದು ಮಡಿಸಿಟ್ಟರೆ, ಕೈ ಬೆಳೆದಂತೆ ಬಿಡಿಸಬಹುದು. ಒಂದೇ ಬಣ್ಣದ ಉಣ್ಣೆಯೂ ಬೇರೆ ಬೇರೆ ಸಾರಿ ಅದ್ದಿದಾಗ ಛಾಯೆಯಲ್ಲಿ ವ್ಯತ್ಯಾಸಪಡುವುದರಿಂದ, ಒಂದೇ ಅದ್ದಿಕೆಯ ಒಂದು ಉಂಡೆಯನ್ನು ಮೊದಲೇ ಹೆಚ್ಚಾಗಿ ಕೊಂಡಿಡುವುದು ಲೇಸು. ಉಡುಪು ತೀರ ಚಿಕ್ಕದಾದಾಗ ಹೊಲಿಗೆ ಬಿಚ್ಚಿ, ಮುಚ್ಚಿದ ತುದಿಯಿಂದ ಎಳೆಯನ್ನು ಎಳೆದು ಲಡಿ ಸುತ್ತಿ, ಒಗೆದು ಒಣಗಿಸಿದರೆ, ಅದೇ ಉಣ್ಣೆ ತಂಗಿಯ ಅಂಗಿಯಾಗುವುದು. ಕತ್ತರಿ ಮುಟ್ಟದ ಉಡುಪಿಗೆ ಮಾತ್ರವೇ ಈ ಭಾಗ್ಯವುಂಟು.

ಮೇಲೆ ಕೊಟ್ಟ ಅಂಕೆಗಳು ಒಂದು ಮಗುವಿನವು, ಒಂದು ಕೈಯವು. ನಿಮ್ಮ ಮನೆಯ ಮಗುವಿಗೆ ಅಂಕೆಗಳು ಬೇರೆಯಾಗುವುವು, ಕ್ರಮವು ಇದೇ. ಬರುವ ರಜೆಯಲ್ಲಿ ಮಗಳ ಕೈಗೆ ಎರಡು ಕಡ್ಡಿಗಳನ್ನೂ ಒಂದು ಉಂಡೆಯನ್ನೂ ಕೊಟ್ಟು, ಅಳತೆಯ ತುಂಡನ್ನು ಹೆಣೆಯಿಸಿ, ಲೆಕ್ಕವನ್ನು ಅವಳಿಂದಲೇ ಹಾಕಿಸಬೇಕೆಂದು ತಾಯಂದಿರನ್ನು ಬೇಡುತ್ತೇವೆ. ಗಣಿತವು ಮೈಗೆ ಬೆಚ್ಚಗಾಗುವುದನ್ನು ಒಮ್ಮೆ ಕಂಡ ಹುಡುಗಿಯು ಆ ಪಾಠವನ್ನು ಮರೆಯಲಾರಳು.