ವಿಯೆಟ್ನಾಮಿನ ಒಕ್ಕಲಿಗೆ ಗದ್ದೆ ಮರಳಿದ ಬಗೆ

ಕುಂಬಳೆ, ಬದಿಯಡ್ಕದ ಪೇಟೆಗಳಲ್ಲಿ ಒಳ್ಳೆಮೆಣಸಿನ ಕ್ರಯ ಇಳಿದಾಗಲೆಲ್ಲ ವಿಯೆಟ್ನಾಮಿನ ಹೆಸರು ಕೇಳಿಬರುವುದುಂಟು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸನ್ನು ಹೊರಕ್ಕೆ ಕಳುಹಿಸುವ ದೇಶ ಅದು. ರೊಬಸ್ಟಾ ಕಾಫಿಯಲ್ಲಿಯೂ ಅದರದೇ ಮೇಲುಗೈಯೆಂದು ವಯನಾಡಿನ ಬಾಂಧವರಿಗೆ ಹೇಳಬೇಕಾದುದಿಲ್ಲ. ಆದರೆ ಅದೇ ದೇಶವು 1988ರಲ್ಲಿ ಉಣ್ಣುವ ಅಕ್ಕಿಯನ್ನೇ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಮರುವರ್ಷ, ಎಂದರೆ 1989ರಲ್ಲಿ, ಸುಮಾರು 14 ಲಕ್ಷ ಟನ್ನು ಅಕ್ಕಿಯನ್ನು ಹೊರದೇಶಗಳಿಗೆ ಮಾರಿತು. ಈ ನಡುವೆ ಬದಲಾದುದು ಏನೆಂಬುದನ್ನು ಈ ವಾರ ವಿಚಾರ ಮಾಡೋಣ.

ಫ್ರೆಂಚರು 1954ರಲ್ಲಿ ಸೋತುಹೋಗುವ ಹೊತ್ತಿಗೆ ಉತ್ತರ ವಿಯೆಟ್ನಾಮಿನಲ್ಲಿ ಭೂಸುಧಾರಣೆ ಆರಂಭವಾಗಿತ್ತು. ಜಮೀನ್ದಾರರ ಗದ್ದೆಗಳನ್ನು ಕಸಿದು ಒಕ್ಕಲುಗಳಿಗೆ ಹಂಚಿದರು. ಈ ಕಾರ್ಯದಲ್ಲಿ ಅನೇಕ ನಿರಪರಾಧಿಗಳಿಗೆ ಅನ್ಯಾಯವಾಯಿತೆಂದು 1956ರಲ್ಲಿ ಸರಕಾರವೇ ಒಪ್ಪಿಕೊಂಡಿತು. ಅದೇನೇ ಇರಲಿ, ಉಳುವವನ ಕೈಗೆ ಗದ್ದೆ ಬಂತು. ಬಂದುದು ಬಹುಕಾಲ ಉಳಿಯಲಿಲ್ಲ. 1958ರಿಂದ ಸಹಕಾರಿ ಬೇಸಾಯದ ಚಳವಳಿ ನಡೆದು, 1960ರ ಕೊನೆಗೆ ಉತ್ತರದ ನೂರರಲ್ಲಿ 85ಕ್ಕೂ ಮಿಕ್ಕ ಒಕ್ಕಲು ಮನೆಗಳು ಸಂಘಗಳಲ್ಲಿ ಸೇರಿದುವು. ಗದ್ದೆ, ಎಮ್ಮೆ, ನೇಗಿಲು ಎಲ್ಲವೂ ಸಂಘದ್ದಾದುವು.

ಸಂಘದಲ್ಲಿ ಕೂಲಿಯ ಬದಲು ಅಂಕಗಳ ಪದ್ಧತಿ. ತಂಡದ ಮುಖ್ಯಸ್ಥನು ಪ್ರತಿಯೊಬ್ಬನ ದಿನದ ಕೆಲಸಕ್ಕೆ ಇಷ್ಟು ಅಂಕವೆಂದು ಪುಸ್ತಕದಲ್ಲಿ ಬರೆಯುವನು. ಕೊಯ್ಲಾದ ಮೇಲೆ ಸರಕಾರದ ಪಾಲನ್ನೂ ಸಂಘದ ನಿಧಿಯನ್ನೂ ತೆಗೆದಿಟ್ಟು, ಮಿಕ್ಕ ಭತ್ತವನ್ನು ಅಂಕಗಳ ಪ್ರಕಾರ ಹಂಚುವುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಸಂಘದಲ್ಲಿ ನೂರು ಮನೆಗಳಿವೆಯೆನ್ನೋಣ. ಒಬ್ಬನು ಬಗ್ಗಿದ ಬೆನ್ನು ಎತ್ತದೆ ಬುಡಸಹಿತ ಕಳೆ ಕಿತ್ತುದರಿಂದ ಹತ್ತು ಸೇರು ಭತ್ತ ಹೆಚ್ಚು ಬೆಳೆಯಿತು. ಅದರಲ್ಲಿ ಅವನ ಮನೆಗೆ ಬರುವುದು ಸೇರಿನ ಹತ್ತರಲ್ಲಿ ಒಂದಂಶ! ಪಕ್ಕದವನು ಕಳೆಯ ತುದಿಯನ್ನಷ್ಟೇ ಚಿವುಟಿ ಬದುವಿನ ಮೇಲೆ ಕುಳಿತರೂ ಅವನಿಗೆ ಅಷ್ಟೇ ಅಂಕ. ಹಾಜರಿ ಇದ್ದ ಮಾತ್ರಕ್ಕೆ ಹುಡುಗನಿಗೆ ಪಾಠ ಬಂತೆಂದು ಬರೆದುಬಿಟ್ಟ ಹಾಗಾಯಿತು. ಪುಸ್ತಕದಲ್ಲಿ ದಿನಗಳು ಕೂಡುತ್ತ ಹೋದುವು, ಕಣಜದಲ್ಲಿ ಭತ್ತ ಕೂಡಲಿಲ್ಲ.

ಇದಕ್ಕೆ ಸಾಕ್ಷಿ ಅದೇ ಊರುಗಳಲ್ಲಿತ್ತು. ಸಂಘದ ಭೂಮಿಯಲ್ಲಿ ನೂರಕ್ಕೆ ಐದರಷ್ಟನ್ನು ಮನೆಯವರ ಸ್ವಂತ ಉಪಯೋಗಕ್ಕೆ ಬಿಟ್ಟಿದ್ದರು. ಅಲ್ಲಿ ತರಕಾರಿ ಬೆಳೆದರು, ಹಂದಿ ಕೋಳಿಗಳಿಗೆ ಮೇವು ಬೆಳೆದರು. ಆ ಅಂಗೈಯಗಲದ ತುಂಡುಗಳು ಮನೆಯ ಸಂಪಾದನೆಯ ಬಹುದೊಡ್ಡ ಪಾಲನ್ನು ಕೊಡುತ್ತಿದ್ದುವು. ಗೊಬ್ಬರದ ಒಳ್ಳೆಯ ಬುಟ್ಟಿ ಯಾವ ಕಡೆ ಹೋಗುತ್ತಿತ್ತೆಂದು ಬೇಸಾಯಗಾರರಾದ ತಾವು ಊಹಿಸಬಲ್ಲಿರಿ.

ಈ ಸತ್ಯವನ್ನು ಮೊದಲು ಅಧಿಕಾರದಲ್ಲಿದ್ದುಕೊಂಡೇ ಕಂಡವನು ವಿನ್ ಫುಕ್ ಪ್ರಾಂತದ ಪಕ್ಷದ ಕಾರ್ಯದರ್ಶಿ ಕಿಮ್ ಙೊಕ್. 1966ರಲ್ಲಿ, ಅಮೆರಿಕದ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಆತನ ಪ್ರಾಂತವು ಗದ್ದೆಗಳನ್ನು ಮನೆಗಳಿಗೆ ಕರಾರಿನ ಮೇಲೆ ವಹಿಸಿಕೊಡಲು ನಿರ್ಧರಿಸಿತು. 1968ರಲ್ಲಿ ಪಕ್ಷದ ಹಿರಿಯ ಮುಖಂಡ ತ್ರುವೊಂಗ್ ಚಿನ್ ಇದನ್ನು ತೀವ್ರವಾಗಿ ಖಂಡಿಸಿ, ಪ್ರಯೋಗವನ್ನು ನಿಲ್ಲಿಸಿದರು. ಕಿಮ್ ಙೊಕ್ ಪಕ್ಷದ ಮುಂದೆ ತಪ್ಪೊಪ್ಪಿಗೆ ಕೊಡಬೇಕಾಯಿತು, 1979ರಲ್ಲಿ ತೀರಿಕೊಂಡನು. ಆದರೆ ಖಂಡಿಸಿದ ತ್ರುವೊಂಗ್ ಚಿನ್‌ರೇ 1986ರಲ್ಲಿ ಪಕ್ಷದ ನಾಯಕತ್ವ ವಹಿಸಿದಾಗ ಸುಧಾರಣೆಯ ಪರವಾಗಿ ನಿಂತರು. ಮನುಷ್ಯನು ಹಟ ಬಿಟ್ಟು ಕಲಿಯುವುದು ಸಣ್ಣ ಗುಣವಲ್ಲ. ಹದಿನೆಂಟು ವರ್ಷದ ಊಟ ಮಾತ್ರ ಹಿಂದಕ್ಕೆ ಬರುವಂಥದಲ್ಲ.

ಅಷ್ಟರಲ್ಲಿ ಊರಿನವರು ಸುಮ್ಮನಿರಲಿಲ್ಲ. ಹೈ ಫೊಂಗ್ ಕಡೆಯ ಕೆಲವು ಸಂಘಗಳು 1970ರ ದಶಕದ ಕೊನೆಯಲ್ಲಿ ಗುಟ್ಟಾಗಿ ಗದ್ದೆಗಳನ್ನು ಮನೆಗಳಿಗೆ ಹಂಚಿದುವು. ಬೆಳೆ ಕಣ್ಣಿಗೆ ಕಾಣುವಂತೆ ಏರಿದಾಗ ಗುಟ್ಟು ಉಳಿಯುವುದುಂಟೇ? 1981ರ ಜನವರಿಯಲ್ಲಿ ಕೇಂದ್ರವೇ 100ನೆಯ ನಿರ್ದೇಶವನ್ನು ಹೊರಡಿಸಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಉಳುಮೆ, ನೀರು, ಬೀಜ, ಗೊಬ್ಬರ, ಕೀಟನಿವಾರಣೆ ಈ ಐದು ಸಂಘದ ಹೊಣೆ. ನಾಟಿ, ಆರೈಕೆ, ಕೊಯ್ಲು ಈ ಮೂರು ಮನೆಯವರ ಹೊಣೆ. ಗೊತ್ತುಮಾಡಿದಷ್ಟನ್ನು ಸಂಘಕ್ಕೆ ಅಳೆದು, ಮಿಕ್ಕುದು ಮನೆಗೆ. (ನಮ್ಮ ಪಾಡಶೇಖರ ಸಮಿತಿಗಳಲ್ಲಿ ನೀರು, ಉಳುಮೆಗಳಲ್ಲಿ ಒಟ್ಟುಗೂಡಿದರೂ ಗದ್ದೆಯೂ ಫಸಲೂ ಅವರವರದೇ; ಅಲ್ಲಿ ಗದ್ದೆಯೂ ಸಂಘದ್ದು.) ಮೊದಲ ನಾಲ್ಕಾರು ವರ್ಷ ಬೆಳೆ ಹೆಚ್ಚಿತು. ಆಮೇಲೆ ಸಂಘಗಳು ಅಳೆಯುವ ಪ್ರಮಾಣವನ್ನು ಏರಿಸುತ್ತ ಬಂದುವು. 1970ಕ್ಕೆ ಮುಂಚಿನ ಗೇಣಿಯ ನೆನಪುಳ್ಳ ನಮ್ಮ ಹಿರಿಯರಿಗೆ ಈ ಕಥೆಯ ಮುಂದಿನ ಭಾಗ ಗೊತ್ತು. ಹೆಚ್ಚು ಬೆಳೆದರೆ ಗೇಣಿ ಹೆಚ್ಚುವುದಾದರೆ ಬೆಳೆಯುವವರು ಯಾರು? ಮನೆಗಳವರು ಗದ್ದೆಗಳನ್ನು ಹಿಂದಕ್ಕೆ ಒಪ್ಪಿಸತೊಡಗಿದರು. 1988ರ ಆರಂಭದಲ್ಲಿ ಉತ್ತರದ ಪ್ರಾಂತಗಳಲ್ಲಿ ಜನರು ಹಸಿವಿನಿಂದ ಬಳಲಿದರು.

ಆ ವರ್ಷದ ಏಪ್ರಿಲಿನಲ್ಲಿ ಬಂದುದೇ 10ನೆಯ ನಿರ್ಣಯ. ಇನ್ನು ಮುಂದೆ ಬೇಸಾಯದ ಘಟಕವೆಂದರೆ ಒಕ್ಕಲು ಮನೆ. ಗದ್ದೆ ದೀರ್ಘಕಾಲ ಅವರ ಕೈಯಲ್ಲಿಯೇ ಇರುವುದು. ಎಮ್ಮೆ ನೇಗಿಲು ಅವರವೇ. 1989ರಲ್ಲಿ ಸರಕಾರವು ತಾನು ಕಟ್ಟಿದ ಅಗ್ಗದ ಬೆಲೆಗೆ ಭತ್ತ ಕೊಳ್ಳುವ ಪದ್ಧತಿಯನ್ನೂ ಬಿಟ್ಟಿತು. ನನ್ನ ಮಟ್ಟಿಗೆ ಈ ಎರಡನೆಯದೂ ಮೊದಲನೆಯದರಷ್ಟೇ ಮುಖ್ಯ. ಗದ್ದೆ ಕೊಟ್ಟು ಕ್ರಯವನ್ನು ಹಿಡಿದಿಟ್ಟರೆ ಕೊಟ್ಟುದು ಅರ್ಧ ಮಾತ್ರ.

ಹಾಗೆಂದು ಒಂದು ಕಾಗದದಿಂದ 14 ಲಕ್ಷ ಟನ್ನು ಅಕ್ಕಿ ಹುಟ್ಟಿತೆಂದು ತಿಳಿಯಬಾರದು. ಹೊರಗೆ ಹೋದ ಅಕ್ಕಿಯ ಬಹುಭಾಗ ದಕ್ಷಿಣದ ಮೆಕಾಂಗ್ ನದಿಯ ಬಯಲಿನದು. ಅಲ್ಲಿಯ ಬೇಸಾಯಗಾರರು 1975ರ ಬಳಿಕವೂ ಸಂಘಗಳಿಗೆ ಮನಸಾರೆ ಒಗ್ಗಿರಲಿಲ್ಲ. ಕಾಲುವೆಗಳಿದ್ದುವು, ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆಯ ಗಿಡ್ಡ ತಳಿಗಳು 1960ರ ದಶಕದಲ್ಲಿಯೇ ಬಂದಿದ್ದುವು. ಶಕ್ತಿಯೆಲ್ಲ ಇತ್ತು, ಕಟ್ಟು ಬಿಚ್ಚಬೇಕಾಗಿತ್ತು. ಕಟ್ಟು ಬಿಚ್ಚುವಾಗ ಕಳೆದುಹೋದುದೂ ಉಂಟು. ಸಂಘದ ನಿಧಿಯಿಂದ ನಡೆಯುತ್ತಿದ್ದ ಊರಿನ ಔಷಧಾಲಯ, ಶಿಶುವಿಹಾರಗಳು ಅನೇಕ ಕಡೆ ಸೊರಗಿದುವು. ಬಡವರು ಕೈಯಿಂದ ದುಡ್ಡು ತೆರಬೇಕಾಯಿತು.

ಉತ್ತರದಲ್ಲಿ ಇನ್ನೊಂದು ತೊಡಕು. ಯಾರಿಗೂ ಅನ್ಯಾಯವಾಗಬಾರದೆಂದು ಪ್ರತಿ ಮನೆಗೂ ಒಳ್ಳೆಯ ಗದ್ದೆಯಲ್ಲೊಂದು ತುಂಡು, ತಗ್ಗಿನಲ್ಲೊಂದು, ದೂರದಲ್ಲೊಂದು ಹೀಗೆ ಹಂಚಿದರು. ಅಲ್ಲಿಯ ಅಳತೆ ‘ಸಾವ್’. ಒಂದು ಸಾವ್ ಎಂದರೆ 360 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು ಒಂಬತ್ತು ಸೆಂಟ್ಸು. ಅಂಥ ಐದಾರು ತುಂಡುಗಳ ನಡುವೆ ಯಂತ್ರ ತಿರುಗುವುದೆಂತು? ಆಮೇಲೆ ತುಂಡುಗಳನ್ನು ಅದಲುಬದಲು ಮಾಡಿ ಕೂಡಿಸುವ ಕೆಲಸ ವರ್ಷಗಟ್ಟಲೆ ನಡೆಯಿತು.

ಭೂಮಿ ಸಮಸ್ತ ಜನರದೆಂದೇ ಅಲ್ಲಿಯ ಶಾಸನ ಇಂದಿಗೂ ಹೇಳುತ್ತದೆ. ಆದರೆ 1993ರ ಭೂಶಾಸನವು ಒಕ್ಕಲಿಗೆ ಬದಲಾಯಿಸುವ, ವರ್ಗಾಯಿಸುವ, ಗುತ್ತಿಗೆ ಕೊಡುವ, ಮಕ್ಕಳಿಗೆ ಬಿಡುವ, ಅಡವಿಡುವ ಹಕ್ಕುಗಳನ್ನು ಕೊಟ್ಟಿತು. ಭತ್ತದ ಗದ್ದೆಗೆ ಆಗ 20 ವರ್ಷವಿದ್ದ ಅವಧಿಯನ್ನು 2013ರ ಶಾಸನವು 50ಕ್ಕೆ ಏರಿಸಿತು. 2024ರ ಆಗಸ್ಟಿನಿಂದ ಜಾರಿಗೆ ಬಂದ ಹೊಸ ಶಾಸನದ ಪ್ರಕಾರ ಒಂದು ಮನೆಯವರು ಇತರರಿಂದ ಕೊಂಡು, ಮನೆಗೊಂದರಂತೆ ಗೊತ್ತುಮಾಡಿದ ಮಿತಿಯ ಹದಿನೈದು ಪಟ್ಟಿನವರೆಗೆ ಭೂಮಿಯನ್ನು ಕೂಡಿಸಬಹುದು. ಕೆಂಪು ನದಿಯ ಬಯಲಿನಲ್ಲಿ ಮಕ್ಕಳು ಕಾರ್ಖಾನೆಗಳಿಗೆ ಹೋಗಿ, ಮುದುಕರು ಮಾತ್ರ ಉಳಿದ ಮನೆಗಳ ಗದ್ದೆಗಳು ಹಡಿಲು ಬೀಳುತ್ತಿರುವುದೂ ಇದಕ್ಕೊಂದು ಕಾರಣ.