ಕ್ರಿಯಾಟಿನಿನ್ ‘ನಾರ್ಮಲ್’ ಇದ್ದರೆ ಸಾಲದು

ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟ ಮಗ, ‘ಅಮ್ಮನ ಕಿಡ್ನಿ ಚೆನ್ನಾಗಿದೆ ಡಾಕ್ಟ್ರೇ, ಕ್ರಿಯಾಟಿನಿನ್ ಬರೀ 1.1’ ಎಂದ. ತಾಯಿಗೆ 65 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಲ್ಯಾಬಿನವರು ಆ ಅಂಕಿಯನ್ನು ದಪ್ಪಕ್ಷರದಲ್ಲಿ ಗುರುತು ಮಾಡಿರಲಿಲ್ಲ, ಮನೆಯವರು ನಿಶ್ಚಿಂತರಾಗಿದ್ದರು. ಇಂಥ ರಿಪೋರ್ಟುಗಳನ್ನು ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಕೆಲವು ಕೆಟ್ಟರೆ ಉಳಿದವು ಹೊರೆ ಹೊರುತ್ತವೆ, ನೋವಾಗುವುದಿಲ್ಲ. ಕಾಲು ಊದಿ, ಊಟ ಸೇರದೆ, ಉಬ್ಬಸ ಬರುವ ಹೊತ್ತಿಗೆ ಬಹುಪಾಲು ಹಾಳಾಗಿರುತ್ತದೆ. ಹಾಗಾಗಿ ಲಕ್ಷಣಕ್ಕೆ ಕಾಯಬಾರದು. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದವರು, ಮಂಡಿನೋವಿಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಪರೀಕ್ಷೆ ಎರಡು: ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಎರಡನೆಯದನ್ನು ಬಾಯಿಬಿಟ್ಟು ಕೇಳಬೇಕು, ಎಷ್ಟೋ ಪ್ಯಾಕೇಜುಗಳಲ್ಲಿ ಅದು ಇರುವುದಿಲ್ಲ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಉರಿಮೂತ್ರ, ಮುಟ್ಟು ಇರುವಾಗ ಕೊಡಬೇಡಿ. ರಕ್ತ ಕೊಡುವ ಹಿಂದಿನ ರಾತ್ರಿ ಮಾಂಸದೂಟವೂ ಬೇಡ, ಅಂಕಿ ಸುಮ್ಮನೆ ಏರುತ್ತದೆ.

ಈಗ ಆ 1.1ರ ವಿಷಯ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. 25ರ ಯುವಕನಿಗೆ ಸ್ನಾಯು ಹೆಚ್ಚು, 65ರ ಅಜ್ಜಿಗೆ ಕಡಿಮೆ. ಕಡಿಮೆ ಹುಟ್ಟುವ ದೇಹದಲ್ಲೂ 1.1 ಉಳಿದಿದೆ ಎಂದರೆ ಸೋಸುವ ಕೆಲಸ ಹಿಂದೆ ಬಿದ್ದಿದೆ ಎಂದೇ ಅರ್ಥ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಅಂಕಿಗೆ ಇಜಿಎಫ್ಆರ್ ಎನ್ನುತ್ತಾರೆ. ಅದೇ 1.1ಕ್ಕೆ ಆ ಯುವಕನ ಇಜಿಎಫ್ಆರ್ ಸುಮಾರು 95, ಈ ತಾಯಿಯದು ಸುಮಾರು 56. 60ಕ್ಕಿಂತ ಕಡಿಮೆ ಇದ್ದು, ಮೂರು ತಿಂಗಳ ನಂತರವೂ ಹಾಗೇ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ರಿಪೋರ್ಟಿನಲ್ಲಿ ಇಜಿಎಫ್ಆರ್ ಇಲ್ಲದಿದ್ದರೆ ಲ್ಯಾಬಿನವರನ್ನೇ ಕೇಳಿ ಬರೆಸಿಕೊಳ್ಳಿ. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ. ಹೋದ ವರ್ಷ 0.8 ಇದ್ದದ್ದು ಈ ವರ್ಷ 1.1 ಆಗಿದ್ದರೆ, ಎರಡೂ ‘ನಾರ್ಮಲ್’ ಆದರೂ ವೈದ್ಯರಿಗೆ ತೋರಿಸಬೇಕಾದ ಮಾತು ಅದು. ಇನ್ನೊಂದು ಸಂಗತಿ: ಇಜಿಎಫ್ಆರ್ 90 ಇದ್ದೂ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿರಬಹುದು. ಆ ಅನುಪಾತ 30 ದಾಟಿದರೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಈ ಸೋರಿಕೆಯೇ. ನೀರು ಹಾಕಿದರೂ ಕರಗದ ನೊರೆ ಮೂತ್ರದಲ್ಲಿ ದಿನವೂ ಕಂಡರೆ ತಡಮಾಡಬೇಡಿ.

ಕಾಯಿಲೆ ಖಚಿತವಾದರೆ ಬಿಪಿ ಸಾಮಾನ್ಯವಾಗಿ 130/80ರ ಒಳಗಿರಬೇಕು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪಿನ ಮಾತ್ರೆ ಬಿಪಿ ಇಳಿಸುವುದರ ಜೊತೆಗೆ ಅಲ್ಬುಮಿನ್ ಸೋರುವುದನ್ನೂ ತಗ್ಗಿಸುತ್ತದೆ. ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಅದನ್ನು ನೋಡಿ ‘ಮಾತ್ರೆಯಿಂದಲೇ ಕಿಡ್ನಿ ಹೋಯಿತು’ ಎಂದು ನೆಂಟರ ಮಾತು ಕೇಳಿ ನಿಲ್ಲಿಸಿದವರನ್ನು ಬಹಳ ನೋಡಿದ್ದೇನೆ. ಎರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷಿಸಿ ವೈದ್ಯರಿಗೆ ತೋರಿಸಿ, ನಿಲ್ಲಿಸುವ ತೀರ್ಮಾನ ಅವರದು. ಡಪಾಗ್ಲಿಫ್ಲೋಜಿನ್ ಕೂಡ ಕಿಡ್ನಿ ಕಾಪಾಡುವ ಮಾತ್ರೆ, ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ವಾಂತಿ–ಭೇದಿ ಆದ ದಿನ ಯಾವ ಮಾತ್ರೆ ಬಿಡಬೇಕೆಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವುದು ಇಂದೇ ನಿಲ್ಲಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಉಪ್ಪಿನಕಾಯಿ ಹಪ್ಪಳವೂ ಅದರಲ್ಲೇ ಸೇರಬೇಕು. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ರೋಗಿಗೆ ಅದು ಅಪಾಯ. ಧಾರೆಹುಳಿಯ ರಸವಂತೂ ಮುಟ್ಟಲೇಬೇಡಿ. ಕೊಡಗಟ್ಟಲೆ ನೀರು ಕುಡಿದರೆ ಕಿಡ್ನಿ ತೊಳೆಯುತ್ತದೆ ಎಂಬುದು ಸುಳ್ಳು. ಬಾವು ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.

ಕಾಯಿಲೆ ಮುಂದುವರಿದಿದ್ದರೆ: ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಬಲಗೈ ಬಳಸುವವರು ಎಡಗೈಯಿಂದ ರಕ್ತ ತೆಗೆಸಬೇಡಿ, ಮುಂದೆ ಡಯಾಲಿಸಿಸ್‌ಗೆ ಆ ಕೈಯ ರಕ್ತನಾಳ ಬೇಕಾಗುತ್ತದೆ. ಕಸಿಯ ಬಗ್ಗೆ ಮೊದಲೇ ವಿಚಾರಿಸಿ, ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ.

ಮುಂದಿನ ಸಲ ಲ್ಯಾಬಿನಲ್ಲಿ ರಕ್ತ ಕೊಡಲು ಕೂತಾಗ, ಮೂತ್ರದ ಡಬ್ಬಿಯನ್ನೂ ಕೇಳಿ ಪಡೆಯಿರಿ.