ಬೊಂಬೆ ನಿಂತಲ್ಲೇ ನಿಲ್ಲಬೇಕು

ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕೇಟ್ಲಿನ್ ಫಿಶರ್ 2004ರಲ್ಲಿ ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಲ್ಯಾಬ್ ಕಟ್ಟಿದರು, ಅದೂ ಸಿನಿಮಾ ವಿಭಾಗದಲ್ಲಿ. ಕೋಡ್ ಬಾರದ ಕಥೆಗಾರರಿಗೂ ಎಆರ್ ಒಲಿಯಬೇಕೆಂಬುದು ಅವರ ಹಟ. ನಾನೂ ಅದೇ ಜಾಡಿನವನು. ಮಕ್ಕಳಿಗೆ ಎಆರ್ ಪುಸ್ತಕ ಮಾಡುತ್ತಾ ದಕ್ಕಿದ ಪಾಠಗಳಿವು.

1. ಮಾರ್ಕರಿನ, ಅಂದರೆ ಪರದೆಯಲ್ಲಿ ಬೊಂಬೆ ಮೂಡಿಸಲು ಕ್ಯಾಮೆರಾಕ್ಕೆ ತೋರಿಸುವ ಅಚ್ಚು ಗುರುತಿನ, ಬಿಳಿ ಅಂಚು ಕತ್ತರಿಸಬೇಡಿ. 1999ರಲ್ಲಿ ಹಿರೊಕಾಜು ಕಾಟೊ ಎಆರ್‌ಟೂಲ್‌ಕಿಟ್ ಎಂಬ ಸಾಫ್ಟ್‌ವೇರ್ ಹೊರತಂದಾಗಿನಿಂದ ಕಲಿಯುವವರಲ್ಲಿ ಎಷ್ಟೋ ಮಂದಿ ಕಪ್ಪು ಚೌಕದಿಂದಲೇ ಶುರುಮಾಡಿದವರು. ಕ್ಯಾಮೆರಾ ಹುಡುಕುವುದು ಆ ಚೌಕದ ನಾಲ್ಕು ಮೂಲೆಗಳನ್ನು. ಸುತ್ತ ಬಿಳುಪಿಲ್ಲದಿದ್ದರೆ ಕಪ್ಪು ಎಲ್ಲಿ ಮುಗಿಯಿತೆಂದು ಅದಕ್ಕೆ ತಿಳಿಯದು. ಅಂದವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರೆ ದೀಪದ ಹೊಳಪು ಬಿದ್ದು ಬೊಂಬೆ ಮಾಯ.

2. ಚೆಲುವಿಗಿಂತ ವೇಗ ಮುಖ್ಯ. ಎಆರ್ ಕನ್ನಡಕ ತೊಟ್ಟವರು ಸೆಕೆಂಡಿಗೆ 100 ಡಿಗ್ರಿಯಂತೆ ತಲೆ ತಿರುಗಿಸಿದಾಗ ಚಿತ್ರ 50 ಮಿಲಿಸೆಕೆಂಡ್ ತಡವಾದರೆ 5 ಡಿಗ್ರಿ ತಪ್ಪುತ್ತದೆ. ಎರಡು ಮೀಟರ್ ಆಚೆ ಮೇಜಿನ ಮೇಲಿಟ್ಟ ಬೊಂಬೆ ಸುಮಾರು 17 ಸೆಂಟಿಮೀಟರ್ ಸರಿದು ಗಾಳಿಯಲ್ಲಿ ತೇಲುತ್ತದೆ. ಅದು ಎಷ್ಟು ಚೆಂದವಿದ್ದರೇನು?

3. ಜನವರಿಯ ಹಿಮದಲ್ಲೂ ಪರೀಕ್ಷಿಸಿ. ನೆಲದ ಕಲೆ, ಗೆರೆ, ಮೂಲೆಗಳನ್ನು ನೋಡಿಕೊಂಡೇ ಫೋನು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಹೊಸ ಹಿಮ ಬಿದ್ದ ಹಿತ್ತಲಲ್ಲಿ ಅಂಥದ್ದೇನೂ ಇಲ್ಲ. ಬೇಲಿಯನ್ನೋ ಇಟ್ಟಿಗೆ ಗೋಡೆಯನ್ನೋ ಆಧಾರ ಮಾಡಿಕೊಳ್ಳಿ. ಚಳಿಯೂ ಅಡ್ಡಿಯೇ: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಳಸಬೇಡಿ ಎಂದು ಐಫೋನ್ ತಯಾರಕರೇ ಹೇಳುತ್ತಾರೆ. ಪರದೆ ಮುಟ್ಟಲೆಂದು ಕೈಗವಸು ತೆಗೆಯಲು ಮಕ್ಕಳೂ ಒಪ್ಪರು.

4. ಕನ್ನಡವನ್ನು ಚಿತ್ರವಾಗಿ ಹಾಕಿ. ಆ್ಯಪ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಅಕ್ಷರಗಳನ್ನು ನೇರವಾಗಿ ಹಾಕಿದಾಗ ‘ಅಜ್ಜಿ’ಯ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತ್ತು.

5. ಕಥೆಯನ್ನು ಒಂದೇ ಸಾಧನಕ್ಕೆ ಕಟ್ಟಿಹಾಕಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಎಆರ್ ಸಾಫ್ಟ್‌ವೇರ್ ಕಂಪನಿ ಮೆಟಾಯೊವನ್ನು 2015ರಲ್ಲಿ ಆಪಲ್ ಕೊಂಡಿತು, ಅದರ ಸಾಫ್ಟ್‌ವೇರ್ ಮಾರಾಟ ನಿಂತಿತು. 2018ರಲ್ಲಿ ಗೂಗಲ್ ತನ್ನ ಎಆರ್ ವೇದಿಕೆ ಟ್ಯಾಂಗೊವನ್ನು ಮುಚ್ಚಿತು. 2025ರ ಜನವರಿಯಲ್ಲಿ ಮೆಟಾ ಕಂಪನಿ ತನ್ನ ಎಆರ್ ಸಾಧನ ಸ್ಪಾರ್ಕ್‌ನ ಬಾಗಿಲು ಹಾಕಿತು. ಆದರೆ ಫಿಶರ್ ಅವರ 2008ರ ‘ಆಂಡ್ರೊಮೆಡಾ’ ಮಡಿಸಿ ತೆರೆಯುವ ಪಾಪ್-ಅಪ್ ಪುಸ್ತಕ. ಪುಟಗಳ ಮೇಲೆ ಮಾರ್ಕರುಗಳು, ಅವುಗಳಿಂದ ಹೊಮ್ಮುವ ದನಿ. ಆ ಕಾಲದ ಸಾಫ್ಟ್‌ವೇರ್ ಹಳತಾದರೂ ಕಾಗದ, ದನಿ ಎರಡನ್ನೂ ಬೇರೆ ಸಾಧನಕ್ಕೆ ಕೂಡಿಸಬಹುದು. ಹಾಗಾಗಿ ಬೊಂಬೆಗಳ 3ಡಿ ಮಾದರಿಗಳನ್ನು ಜಿಎಲ್‌ಟಿಎಫ್ ಎಂಬ ಮುಕ್ತ ರೂಪದಲ್ಲಿ, ದನಿಯನ್ನು ವೇವ್ ಕಡತದಲ್ಲಿ, ಮಾರ್ಕರುಗಳನ್ನು ಮುದ್ರಿಸಿ ಎತ್ತಿಡಿ. ಆ್ಯಪ್ ಓಡುತ್ತಿರುವಾಗಲೇ ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ವಿಡಿಯೊ ತೆಗೆಯಿರಿ. ಓದುವವರು ಎಲ್ಲಿ ತಡವರಿಸಿದರು, ಯಾವ ಪುಟಕ್ಕೆ ಮರಳಿದರು ಎಂಬುದು ಯಾವ ಕೋಡಿನಲ್ಲೂ ಉಳಿಯುವುದಿಲ್ಲ.